ಚಳಿಗಾಲದಲ್ಲಿ ಕಾಡಿನ ಪೊದೆ ಕಡಿಯಲು ಬರುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಇಲಿನಾಯ್, ವಿಸ್ಕಾನ್ಸಿನ್, ಮಿನ್ನೆಸೋಟದ ಊರಂಚಿನ ಓಕ್ ಕಾಡುಗಳಲ್ಲಿ ನವೆಂಬರಿನಿಂದ ಮಾರ್ಚ್‌ವರೆಗೆ ಒಂದು ಕೆಲಸ ನಡೆಯುತ್ತದೆ. ವಾರದ ಕೊನೆಯಲ್ಲಿ ಬೆಳಿಗ್ಗೆ ಹತ್ತಿಪ್ಪತ್ತು ಜನ ಗರಗಸ ಹಿಡಿದು ಸೇರುತ್ತಾರೆ. ಹೊರಗಿನಿಂದ ಬಂದು ಕಾಡನ್ನೇ ಮುಚ್ಚಿಹಾಕಿರುವ ಪೊದೆಗಳನ್ನು ಕಡಿದು, ಎಳೆದು, ರಾಶಿ ಹಾಕುತ್ತಾರೆ. ಸಂಬಳ ಇಲ್ಲ. ನಾನು ಎಂಟು ಚಳಿಗಾಲದಿಂದ ಹೋಗುತ್ತಿದ್ದೇನೆ. ಇಲ್ಲಿರುವ ಕನ್ನಡದ ಗೆಳೆಯರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಅವಕ್ಕೆ ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ.

ಕಾಡು ಉಳಿಸಬೇಕು ಅಂತೀರಿ, ಗಿಡ ಕಡಿಯುತ್ತೀರಿ. ಇದು ಹೇಗೆ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಮೊದಲ ದಿನ ನಾನೂ ಕೇಳಿದ್ದೆ.

ಓಕ್ ಸಸಿಗೆ ಬಿಸಿಲು ಬೇಕು. ದಟ್ಟ ನೆರಳಿನಲ್ಲಿ ಅದು ಕೆಲವು ವರ್ಷ ಹೇಗೋ ಜೀವ ಹಿಡಿದುಕೊಂಡಿದ್ದು ಒಣಗಿಹೋಗುತ್ತದೆ. ಈ ಭಾಗದ ಓಕ್ ಕಾಡುಗಳು ಹಿಂದೆ ಬಯಲುಬಯಲಾಗಿದ್ದವು. ಮರಗಳ ನಡುವೆ ಜಾಗ ಇತ್ತು, ಬಿಸಿಲು ನೆಲ ಮುಟ್ಟುತ್ತಿತ್ತು. ಪೊಟವಾಟಮಿ ಮುಂತಾದ ಮೂಲನಿವಾಸಿಗಳು ಆಗಾಗ ನೆಲದ ಹುಲ್ಲಿಗೆ, ತರಗೆಲೆಗೆ ಬೆಂಕಿ ಕೊಡುತ್ತಿದ್ದರು. ದಪ್ಪ ತೊಗಟೆಯ ಬರ್ ಓಕ್ ಆ ಬೆಂಕಿಯನ್ನು ತಡೆದುಕೊಳ್ಳುತ್ತಿತ್ತು. ತೆಳು ತೊಗಟೆಯ ಪೊದೆಗಳಿಗೆ ಅದು ಆಗುತ್ತಿರಲಿಲ್ಲ. ಆಮೇಲೆ ಯುರೋಪಿನ ಮೂಲದವರು ಬಂದು ನೆಲೆಸಿದರು, ಆ ಜನರನ್ನು ಅವರ ನೆಲದಿಂದ ಹೊರಹಾಕಲಾಯಿತು. ಜೊತೆಗೆ ಆ ಬೆಂಕಿಯೂ ನಿಂತುಹೋಯಿತು.

ಈಗ ಅಂಥ ಕಾಡಿಗೆ ಹೋಗಿ ನೋಡಿ. ಮೇಲೆ ದೊಡ್ಡ ದೊಡ್ಡ ಹಳೆಯ ಓಕ್ ಮರಗಳಿವೆ. ಕೆಳಗೆ ಅವುಗಳ ಒಂದು ಮರಿಯೂ ಇಲ್ಲ. ಕಣ್ಣಳತೆಯಲ್ಲಿ ಬರೀ ಬಕ್‌ಥಾರ್ನ್, ಹನಿಸಕಲ್ ಅನ್ನುವ ಹೊರಗಿನ ಪೊದೆಗಳು. ಅವುಗಳ ಅಡಿಯಲ್ಲಿ ಹೂವಿಲ್ಲ, ಹುಲ್ಲಿಲ್ಲ, ಖಾಲಿ ಮಣ್ಣು. ಮಳೆ ಬಂದರೆ ಆ ಮಣ್ಣೂ ಕೊಚ್ಚಿಹೋಗುತ್ತದೆ. ಹಸಿರಾಗಿದೆ ಅಂತ ದೂರದಿಂದ ನೋಡಿದವರಿಗೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಅದು ವಯಸ್ಸಾದವರಷ್ಟೇ ಉಳಿದುಕೊಂಡ ಊರಿನ ಹಾಗೆ. ಆ ಮರಗಳು ಬಿದ್ದ ಮೇಲೆ ಅಲ್ಲಿ ನಿಲ್ಲಲು ಯಾರೂ ಇಲ್ಲ. ನಾವು ಕಡಿಯುವುದು ನೆಲಕ್ಕೆ ಬೆಳಕು ಬೀಳಲಿ ಅಂತ.

ಬಕ್‌ಥಾರ್ನ್ ಎಲ್ಲಿಂದ ಬಂತು?

ಯುರೋಪ್ ಮತ್ತು ಪಶ್ಚಿಮ ಏಷ್ಯಾದಿಂದ. ಇಲ್ಲಿಗೆ ಅದನ್ನು ತಂದವರು ಬೇಲಿಗಾಗಿ ತಂದರು. ಮಿನ್ನೆಸೋಟಕ್ಕೆ ಅದು ಬಂದದ್ದು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ. ದಟ್ಟವಾಗಿ ಬೆಳೆಯುತ್ತದೆ, ಮುಳ್ಳಿದೆ, ಚಳಿಗೆ ಜಗ್ಗುವುದಿಲ್ಲ. ಬೇಲಿಗೆ ಇನ್ನೇನು ಬೇಕು, ಅಲ್ವಾ? 1930ರ ದಶಕದ ಹೊತ್ತಿಗೆ ಅಲ್ಲಿನ ನರ್ಸರಿಗಳು ಮಾರುವುದನ್ನು ನಿಲ್ಲಿಸಿದವು. ಆದರೆ ಅಷ್ಟರಲ್ಲಿ ಹಕ್ಕಿಗಳು ಬೀಜವನ್ನು ಕಾಡಿಗೆ ಮುಟ್ಟಿಸಿಯಾಗಿತ್ತು.

ಹೊರಗಿನಿಂದ ಬಂದ ಇನ್ನೊಂದು ಪೊದೆ, ಮಲ್ಟಿಫ್ಲೋರಾ ರೋಸ್ ಅನ್ನುವ ಗುಲಾಬಿಯ ಕಥೆಯೂ ಹೀಗೇ. ಅದನ್ನು 1930ರ ದಶಕದಿಂದ ಸರ್ಕಾರದ ಮಣ್ಣು ಸಂರಕ್ಷಣಾ ಇಲಾಖೆಯೇ ಮಣ್ಣು ಹಿಡಿದಿಡಲು, ಜೀವಂತ ಬೇಲಿ ಮಾಡಲು ಪ್ರಚಾರ ಮಾಡಿತ್ತು. ಆ ಕಾಲದವರು ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಇದನ್ನು ಹೊಸಬರಿಗೆ ನಾನು ಯಾವಾಗಲೂ ಹೇಳುತ್ತೇನೆ. ಗಿಡದ ಮೇಲಾಗಲಿ, ನೆಟ್ಟವರ ಮೇಲಾಗಲಿ ಸಿಟ್ಟು ಮಾಡಿಕೊಂಡು ಕೆಲಸ ಮಾಡಬೇಕಿಲ್ಲ.

ಹಕ್ಕಿಗಳು ಬಕ್‌ಥಾರ್ನ್ ಹಣ್ಣು ತಿನ್ನುತ್ತವಲ್ಲ? ಕಡಿದರೆ ಅವುಗಳಿಗೆ ಅನ್ಯಾಯ ಅಲ್ವಾ?

ತಿನ್ನುತ್ತವೆ, ನಿಜ. ಆದರೆ ಆ ಹಣ್ಣಿನಲ್ಲಿ ಇಮೋಡಿನ್ ಅನ್ನುವ ಅಂಶ ಇದೆ. ಅದರಿಂದ ಭೇದಿ ಆಗುತ್ತದೆ. ಗಿಡದ ಲ್ಯಾಟಿನ್ ಹೆಸರು ರ‍್ಯಾಮ್ನಸ್ ಕ್ಯಾಥಾರ್ಟಿಕಾ. ಎರಡನೆಯ ಪದದ ಅರ್ಥವೇ ಹೊಟ್ಟೆ ತೊಳೆಯುವಂಥದ್ದು ಅಂತ. ಹಕ್ಕಿಗೆ ದಕ್ಕುವುದು ಕಡಿಮೆ, ಬೀಜ ಹರಡುವುದು ಜಾಸ್ತಿ.

ಇನ್ನೊಂದು ವಿಷಯ. ಹೆಚ್ಚಿನ ಹಕ್ಕಿಗಳು ಮರಿಗಳಿಗೆ ಹಣ್ಣು ಕೊಡುವುದಿಲ್ಲ, ಹುಳು ಕೊಡುತ್ತವೆ. ಓಕ್ ಎಲೆ ತಿಂದು ಬೆಳೆಯುವ ಹುಳುಗಳು ನೂರಾರು ಜಾತಿ. ಬಕ್‌ಥಾರ್ನ್ ಎಲೆಯನ್ನು ತಿನ್ನುವ ಇಲ್ಲಿನ ಹುಳುಗಳು ತೀರಾ ಕಡಿಮೆ. ಇಲಿನಾಯ್‌ನ ಕಾಡೊಂದರಲ್ಲಿ ಗೂಡುಗಳನ್ನು ಗಮನಿಸಿದ ಸಂಶೋಧಕರಿಗೆ ಮತ್ತೊಂದು ಸಂಗತಿ ಕಂಡಿತ್ತು. ಬಕ್‌ಥಾರ್ನ್, ಹನಿಸಕಲ್ ಪೊದೆಗಳಲ್ಲಿ ಕಟ್ಟಿದ ರಾಬಿನ್ ಗೂಡುಗಳು ಸ್ಥಳೀಯ ಗಿಡಗಳಲ್ಲಿದ್ದ ಗೂಡುಗಳಿಗಿಂತ ಜಾಸ್ತಿ ಬೇಟೆಗೆ ಸಿಕ್ಕುತ್ತಿದ್ದವು.

ರೈತರಿಗೂ ಇದು ತಲೆನೋವು. ಓಟ್ಸ್ ಬೆಳೆಗೆ ಬರುವ ತುಕ್ಕುರೋಗ ಬಕ್‌ಥಾರ್ನ್ ಮೇಲೆ ಆಶ್ರಯ ಪಡೆಯುತ್ತದೆ. ಸೋಯಾಬೀನ್ ಹೇನು ಚಳಿಗಾಲಕ್ಕೆ ಮೊಟ್ಟೆ ಇಡುವುದೂ ಇದರ ಮೇಲೇ.

ಬೆಚ್ಚಗಿರುವಾಗ ಮಾಡಬಾರದೇ? ಚಳಿಗಾಲದಲ್ಲೇ ಯಾಕೆ?

ಕಾರಣ ಒಂದಲ್ಲ. ನೆಲ ಹೆಪ್ಪುಗಟ್ಟಿರುತ್ತದೆ. ಇಪ್ಪತ್ತು ಜನ ಓಡಾಡಿದರೂ, ದಪ್ಪ ಕೊಂಬೆ ಎಳೆದರೂ ತುಳಿತಕ್ಕೆ ಮಣ್ಣು ಅಮುಕಿಕೊಳ್ಳುವುದಿಲ್ಲ, ಒಳಗೆ ಮಲಗಿರುವ ಹೂಗಿಡಗಳ ಗೆಡ್ಡೆಗೆ ಏಟು ಬೀಳುವುದಿಲ್ಲ. ಮೇ ತಿಂಗಳಲ್ಲಿ ಅದೇ ಜಾಗದಲ್ಲಿ ನಡೆದರೆ ಒಂದೊಂದು ಹೆಜ್ಜೆಗೂ ಏನಾದರೂ ಮುರಿಯುತ್ತದೆ. ಚಳಿಯಲ್ಲಿ ಯಾವ ಹಕ್ಕಿಯ ಗೂಡಿನಲ್ಲೂ ಮರಿ ಇರುವುದಿಲ್ಲ ಅನ್ನಬಹುದು. ಸೊಳ್ಳೆ ಇಲ್ಲ, ಉಣ್ಣಿಯ ಕಾಟ ತುಂಬಾ ಕಡಿಮೆ. ಎಲೆ ಉದುರಿರುವುದರಿಂದ ಯಾರು ಎಲ್ಲಿ ಕಡಿಯುತ್ತಿದ್ದಾರೆ ಅಂತ ದೂರದಿಂದಲೇ ಕಾಣುತ್ತದೆ. ಹಿಮ ಬಿದ್ದಿದ್ದರೆ ಬೆಂಕಿ ಹಬ್ಬುವ ಭಯವೂ ಕಡಿಮೆ.

ಓಕ್ ಮರಗಳಿಗೂ ಇದೇ ಒಳ್ಳೆಯ ಕಾಲ. ಓಕ್ ವಿಲ್ಟ್ ಅನ್ನುವ ಶಿಲೀಂಧ್ರ ರೋಗವನ್ನು ಕೆಲವು ಜೀರುಂಡೆಗಳು ಹಸಿ ಗಾಯಗಳಿಗೆ ಹೊತ್ತು ತರುತ್ತವೆ. ವಸಂತದಿಂದ ಬೇಸಿಗೆಯವರೆಗೆ ಕೈತಪ್ಪಿ ಓಕ್ ಕೊಂಬೆಗೆ ಗರಗಸ ತಗಲಿದರೂ ಅಪಾಯ. ಜನವರಿಯಲ್ಲಿ ಆ ಜೀರುಂಡೆಗಳು ಹಾರಾಡುವುದಿಲ್ಲ.

ಒಂದು ಮಾತು ಸೇರಿಸಬೇಕು. ಅಕ್ಟೋಬರ್ ಕೊನೆ, ನವೆಂಬರ್ ಮೊದಲ ವಾರ ಗುರುತಿಸಲು ಅತಿ ಒಳ್ಳೆಯ ಸಮಯ. ಉಳಿದ ಮರಗಳೆಲ್ಲ ಬೋಳಾಗಿದ್ದರೂ ಬಕ್‌ಥಾರ್ನ್ ಹಸಿರಾಗಿಯೇ ನಿಂತಿರುತ್ತದೆ. ವಸಂತದಲ್ಲೂ ಎಲ್ಲರಿಗಿಂತ ಮೊದಲು ಚಿಗುರುತ್ತದೆ. ಮುಂಚೆ ಬಂದು, ಕೊನೆಗೆ ಹೋಗುವುದೇ ಅದರ ಬಲ. ಬೇರೆ ಗಿಡಗಳಿಗೆ ಬಿಸಿಲು ಸಿಗುವ ಆ ಎರಡು ತುದಿಗಳನ್ನೂ ಅದು ಮುಚ್ಚಿಬಿಡುತ್ತದೆ.

ಎಲೆ ಇಲ್ಲದ ಗಿಡವನ್ನು ಗುರುತಿಸುವುದು ಹೇಗೆ?

ಬಕ್‌ಥಾರ್ನ್ ಆದರೆ ಕೊಂಬೆಯ ತುದಿ ನೋಡಿ. ಎರಡು ಮೊಗ್ಗುಗಳ ನಡುವೆ ಸಣ್ಣ ಮುಳ್ಳು ಇರುತ್ತದೆ. ತೊಗಟೆಯ ಮೇಲೆ ಅಡ್ಡಡ್ಡ ಗೀರುಗಳಿರುತ್ತವೆ. ಉಗುರಿನಿಂದ ತೊಗಟೆ ಕೆರೆದರೆ ಒಳಗೆ ಹಳದಿ, ಕಿತ್ತಳೆ ಬಣ್ಣ. ಹೆಣ್ಣು ಗಿಡದಲ್ಲಿ ಕಪ್ಪು ಹಣ್ಣು ಜನವರಿಯಲ್ಲೂ ಜೋತಾಡುತ್ತಿರುತ್ತದೆ. ಈ ಜಾತಿಯಲ್ಲಿ ಹೆಣ್ಣು, ಗಂಡು ಗಿಡಗಳು ಬೇರೆ ಬೇರೆ. ಕೈಲಿ ಸಮಯ ಕಡಿಮೆ ಇದ್ದರೆ ಹಣ್ಣಿರುವ ಗಿಡಗಳನ್ನು ಮೊದಲು ಕಡಿಯಬೇಕು.

ಪೊದೆ ಹನಿಸಕಲ್‌ಗೆ ಗುರುತು ಇನ್ನೂ ಸುಲಭ. ಒಂದು ಕಡ್ಡಿ ಮುರಿದು ನೋಡಿ. ನಡುವೆ ಟೊಳ್ಳಾಗಿದ್ದು ಕಂದು ಬಣ್ಣ ಇದ್ದರೆ ಅದು ಹೊರಗಿನದು. ಇಲ್ಲಿನ ಸ್ಥಳೀಯ ಹನಿಸಕಲ್ ಜಾತಿಗಳಲ್ಲಿ ತಿರುಳು ಬೆಳ್ಳಗೆ, ತುಂಬಿಕೊಂಡಿರುತ್ತದೆ. ಜಪಾನಿನ ಬಾರ್ಬೆರಿ ಅನ್ನುವ ಇನ್ನೊಂದು ಹೊರಗಿನ ಪೊದೆಯ ಕಟ್ಟಿಗೆ ಒಳಗೆ ಅರಿಶಿನದಷ್ಟು ಹಳದಿ.

ನನ್ನ ಎರಡನೆಯ ಚಳಿಗಾಲದಲ್ಲಿ ನಾನು ಆತುರಕ್ಕೆ ನಾಲ್ಕು ಎಳೆಯ ಕಾಡು ಚೆರಿ ಮರಗಳನ್ನು ಕಡಿದುಬಿಟ್ಟಿದ್ದೆ. ಅವುಗಳ ತೊಗಟೆಯಲ್ಲೂ ಅಡ್ಡ ಗೀರು ಇರುತ್ತದೆ. ನಾನು ಮುಳ್ಳು ನೋಡಿರಲಿಲ್ಲ, ತೊಗಟೆ ಕೆರೆದಿರಲಿಲ್ಲ. ಆ ನಾಲ್ಕು ಮೋಟುಗಳನ್ನು ಈಗಲೂ ದಾಟಿಕೊಂಡು ಹೋಗುತ್ತೇನೆ. ಆದ್ದರಿಂದ ಹೇಳುತ್ತೇನೆ, ಒಂದೇ ಗುರುತು ನಂಬಬೇಡಿ. ಸಂಶಯ ಬಂದರೆ ಗಿಡ ಹಾಗೇ ಇರಲಿ. ಮುಂದಿನ ವಾರವೂ ಅದು ಅಲ್ಲೇ ಇರುತ್ತದೆ.

ಕಡಿದ ಮೋಟಿಗೆ ಔಷಧಿ ಹಚ್ಚಲೇಬೇಕೇ?

ಹೆಚ್ಚಿನ ಸಲ ಹೌದು. ಇದು ನನಗೂ ಇಷ್ಟದ ಉತ್ತರವಲ್ಲ. ಕಾಡಿಗೆ ಕಳೆನಾಶಕ ತರಬೇಕಲ್ಲ ಅಂತ ಮೊದಮೊದಲು ತುಂಬಾ ಬೇಜಾರಾಗಿತ್ತು.

ಆದರೆ ಬರೀ ಕಡಿದು ಬಿಟ್ಟರೆ ಏನಾಗುತ್ತದೆ ಅಂತ ಕಣ್ಣಾರೆ ನೋಡಿದ್ದೇನೆ. ಒಂದು ಮೂಲೆಯಲ್ಲಿ ಔಷಧಿ ಹಚ್ಚದೆ ಕಡಿದಿದ್ದೆವು. ಮುಂದಿನ ಬೇಸಿಗೆಗೆ ಒಂದು ಕಾಂಡ ಇದ್ದಲ್ಲಿ ಹತ್ತಾರು ಚಿಗುರು ಎದ್ದಿದ್ದವು. ಲಂಟಾನ ಕಡಿದು ಗೊತ್ತಿರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೇರು ಬದುಕಿರುವವರೆಗೆ ಗಿಡ ಸತ್ತಿಲ್ಲ.

ಮಾಡುವ ರೀತಿ ಹೀಗೆ. ನೆಲದಿಂದ ಎರಡು ಮೂರು ಅಂಗುಲ ಮೇಲೆ ಸಮತಟ್ಟಾಗಿ ಕೊಯ್ಯಬೇಕು. ಓರೆಯಾಗಿ ಕೊಯ್ದರೆ ಮೋಟು ಈಟಿಯ ಹಾಗೆ ಚೂಪಾಗಿ, ಎಡವಿ ಬಿದ್ದವರಿಗೆ ಚುಚ್ಚುತ್ತದೆ. ಕೊಯ್ದ ಮೇಲಿನ ಹೊಟ್ಟನ್ನು ಒರೆಸಿ, ತೊಗಟೆಯ ಒಳಅಂಚಿನ ಉಂಗುರಕ್ಕೆ ಔಷಧಿ ಹಚ್ಚಬೇಕು. ಆಹಾರ ಬೇರಿಗೆ ಇಳಿಯುವುದು ಆ ಉಂಗುರದಲ್ಲೇ. ನಡುವಿನ ಕಟ್ಟಿಗೆಗೆ ಸುರಿದರೆ ಸುಮ್ನೆ ವ್ಯರ್ಥ. ನೀರಿನಲ್ಲಿ ಬೆರೆಸಿದ ಗ್ಲೈಫೋಸೇಟ್ ಆದರೆ ಕಡಿದ ಐದು ನಿಮಿಷದೊಳಗೆ ಹಚ್ಚಬೇಕು, ಇಲ್ಲದಿದ್ದರೆ ಗಾಯ ಮುಚ್ಚಿಕೊಳ್ಳುತ್ತದೆ. ಕಡುಚಳಿಗೆ ಅದು ಹೆಪ್ಪುಗಟ್ಟುವುದರಿಂದ ಆಗ ಎಣ್ಣೆಯಲ್ಲಿ ಬೆರೆಸಿದ ಟ್ರೈಕ್ಲೋಪಿರ್ ಬಳಸುತ್ತಾರೆ. ಔಷಧಿಗೆ ನೀಲಿ ಬಣ್ಣ ಸೇರಿಸಿರುತ್ತಾರೆ, ಯಾವ ಮೋಟು ಆಯಿತು, ಯಾವುದು ಬಾಕಿ ಅಂತ ಗೊತ್ತಾಗಲಿ ಅಂತ.

ಸಿಂಪಡಿಸುವುದಿಲ್ಲ, ಹಚ್ಚುವುದು ಅಷ್ಟೇ. ಸಣ್ಣ ಸೀಸೆಯ ತುದಿಯಲ್ಲಿ ಸ್ಪಂಜು ಇರುತ್ತದೆ. ಸಾರ್ವಜನಿಕ ಕಾಡಿನಲ್ಲಿ ಈ ಕೆಲಸ ತರಬೇತಿ ಪಡೆದು ಅನುಮತಿ ಇರುವವರಿಗೆ ಮಾತ್ರ. ನೀವು ಕಡಿಯಿರಿ, ಅವರನ್ನು ಕೂಗಿ ಕರೆಯಿರಿ. ವಸಂತದ ಹೊಸ್ತಿಲಲ್ಲಿ ಬೇರಿನ ರಸ ಮೇಲೇರಲು ಶುರುವಾದ ಮೇಲೆ ಹಚ್ಚಿದರೆ ಕೆಲಸ ಸರಿಯಾಗಿ ಆಗುವುದಿಲ್ಲ.

ಔಷಧಿ ಬೇಡವೇ ಬೇಡ ಅನ್ನುವವರಿಗೆ ದಾರಿ ಇದೆಯೇ?

ಇದೆ, ಸಣ್ಣ ಜಾಗಕ್ಕೆ. ಮೋಟಿನ ಮೇಲೆ ದಪ್ಪನೆಯ ಕಪ್ಪು ಪ್ಲಾಸ್ಟಿಕ್ ಚೀಲ ಬಿಗಿದು ಕಟ್ಟಿ ಒಂದೆರಡು ವರ್ಷ ಬೆಳಕು ತಾಗದಂತೆ ಇಡಬಹುದು. ಬೆರಳು ದಪ್ಪದ ಗಿಡಗಳನ್ನು ನೆಲ ಒದ್ದೆ ಇರುವಾಗ ಬೇರುಸಹಿತ ಕೀಳಬಹುದು. ಇದಕ್ಕೆ ಸನ್ನೆಕೋಲಿನ ಹಾಗೆ ಕೆಲಸ ಮಾಡುವ ಉಪಕರಣಗಳಿವೆ. ಹೆಪ್ಪುಗಟ್ಟಿದ ನೆಲದಲ್ಲಿ ಮಾತ್ರ ಇದು ಸಾಧ್ಯವಿಲ್ಲ. ನಿಮ್ಮ ಹಿತ್ತಲಿನಲ್ಲಿ ಹತ್ತು ಗಿಡ ಇದ್ದರೆ ನಾನೂ ಇದನ್ನೇ ಹೇಳುತ್ತೇನೆ. ಐವತ್ತು ಎಕರೆಗೆ ಈ ಮಾತು ಹೇಳಲಾರೆ.

ಕಡಿದದ್ದನ್ನೆಲ್ಲ ಸುಡುವುದು ಯಾಕೆ? ಹಾಗೇ ಬಿಟ್ಟರೆ ಗೊಬ್ಬರ ಆಗುವುದಿಲ್ಲವೇ?

ಸ್ವಲ್ಪ ಇದ್ದರೆ ಬಿಡಬಹುದು. ಆದರೆ ಒಂದು ಬೆಳಿಗ್ಗೆ ಇಪ್ಪತ್ತು ಜನ ಕಡಿದದ್ದನ್ನು ನೆಲದ ಮೇಲೆ ಬಿಟ್ಟರೆ ಅದೇ ಮತ್ತೊಂದು ಚಾವಣಿ. ಬೆಳಕು ಬರಲಿ ಅಂತ ಕಡಿದದ್ದು ಮತ್ತೆ ನೆರಳಾಗುತ್ತದೆ. ಕೆಲವು ಕಡೆ ಯಂತ್ರಕ್ಕೆ ಹಾಕಿ ಚಕ್ಕೆ ಮಾಡುತ್ತಾರೆ. ದಾರಿ ಇಲ್ಲದ ಕಾಡಿನೊಳಗೆ ಆ ಯಂತ್ರ ಬರುವುದಿಲ್ಲ.

ಬೆಂಕಿಗೆ ಅದರದ್ದೇ ಶಿಸ್ತು ಇದೆ. ಅನುಮತಿ ಇರಬೇಕು, ಅಗ್ನಿಶಾಮಕ ದಳಕ್ಕೆ ತಿಳಿಸಿರಬೇಕು, ಗಾಳಿ ನೋಡಬೇಕು. ಮೊದಲು ಸಣ್ಣ ಬೆಂಕಿ ಮಾಡಿ, ಅದಕ್ಕೆ ಕೊಂಬೆ ಉಣಿಸುತ್ತಾ ಹೋಗುವುದು ಒಳ್ಳೆಯ ಕ್ರಮ. ತಿಂಗಳುಗಟ್ಟಲೆ ಬಿದ್ದಿದ್ದ ಹಳೆಯ ರಾಶಿಗೆ ಹಾಗೇ ಕಡ್ಡಿ ಗೀರಬಾರದು. ಅದರೊಳಗೆ ಮೊಲ, ಇಲಿ, ಹಾವು ಮನೆ ಮಾಡಿರುತ್ತವೆ. ಅದನ್ನು ಬಿಚ್ಚಿ ಪಕ್ಕದ ಬೆಂಕಿಗೆ ಸಾಗಿಸಬೇಕು. ಕೊಂಬೆಗಳನ್ನು ಒಂದೇ ದಿಕ್ಕಿಗೆ, ಒತ್ತೊತ್ತಾಗಿ ಇಡಿ. ಅಡ್ಡಾದಿಡ್ಡಿ ಎಸೆದರೆ ನಡುವೆ ಬರೀ ಗಾಳಿ ತುಂಬಿ, ಹಸಿ ಕಟ್ಟಿಗೆ ಹೊಗೆಯಾಡುತ್ತದೆಯೇ ಹೊರತು ಉರಿಯುವುದಿಲ್ಲ.

ಬೆಂಕಿ ಹಾಕಿದ ಜಾಗದ ಮಣ್ಣು ಸುಟ್ಟುಹೋಗುತ್ತದೆ, ಬೀಜಗಳೂ ಸಾಯುತ್ತವೆ. ಅದಕ್ಕೇ ಹೊಸ ಹೊಸ ಕಡೆ ಹಾಕದೆ ಹಿಂದಿನ ವರ್ಷದ ಜಾಗವನ್ನೇ ಬಳಸುತ್ತೇವೆ.

ಪಾಯ್ಸನ್ ಐವಿ ಬಳ್ಳಿಯನ್ನು ಬೆಂಕಿಗೆ ಹಾಕಲೇಬೇಡಿ. ಮರದ ಕಾಂಡಕ್ಕೆ ಕೂದಲಿನಂಥ ಬೇರುಗಳಿಂದ ಅಂಟಿಕೊಂಡ ದಪ್ಪ ಬಳ್ಳಿ ಅದು. ಎಲೆ ಇಲ್ಲದಿದ್ದರೂ ಅದರ ಎಣ್ಣೆ ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ. ಅದರ ಹೊಗೆ ಶ್ವಾಸಕೋಶಕ್ಕೆ ಹೋದರೆ ಆಸ್ಪತ್ರೆಗೇ ಓಡಬೇಕಾಗಬಹುದು.

ಯಾವ ಜಾಗದಿಂದ ಶುರು ಮಾಡಬೇಕು? ತೀರಾ ಹಾಳಾದ ಕಡೆಯಿಂದಲೇ?

ಎಲ್ಲರ ಕೈ ಹೋಗುವುದು ಅಲ್ಲಿಗೇ. ಆದರೆ ಸಾಮಾನ್ಯವಾಗಿ ಚೆನ್ನಾಗಿ ಉಳಿದ ಕಡೆಯಿಂದ ಶುರು ಮಾಡುವುದು ಒಳ್ಳೆಯದು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಜೋನ್ ಮತ್ತು ಐಲೀನ್ ಬ್ರಾಡ್ಲಿ ಅನ್ನುವ ಅಕ್ಕತಂಗಿಯರು 1960ರ ದಶಕದಿಂದ ತಮ್ಮ ಮನೆಯ ಹತ್ತಿರದ ಕಾಡಿನಲ್ಲಿ ಕಳೆ ಕೀಳುತ್ತಾ ಇದನ್ನು ಕಂಡುಕೊಂಡರು. ಒಳ್ಳೆಯ ಕಾಡಿನಿಂದ ಕೆಟ್ಟ ಕಾಡಿನ ಕಡೆಗೆ ಸಾಗಬೇಕು. ಮಣ್ಣನ್ನು ಆದಷ್ಟು ಕಡಿಮೆ ಕೆದಕಬೇಕು. ಸ್ಥಳೀಯ ಗಿಡಗಳು ತುಂಬಿಕೊಳ್ಳುವ ವೇಗಕ್ಕಿಂತ ಜೋರಾಗಿ ತೆರವು ಮಾಡಬಾರದು. ಇದನ್ನು ಈಗ ಬ್ರಾಡ್ಲಿ ವಿಧಾನ ಅನ್ನುತ್ತಾರೆ.

ಮೂರನೆಯದು ಪಾಲಿಸಲು ತುಂಬಾ ಕಷ್ಟ. ಒಂದೇ ಚಳಿಗಾಲದಲ್ಲಿ ಐದು ಎಕರೆ ಬೋಳು ಮಾಡಿದರೆ ಫೋಟೋ ಚೆನ್ನಾಗಿ ಬರುತ್ತದೆ. ಮುಂದಿನ ಮೇ ತಿಂಗಳಲ್ಲಿ ಅಲ್ಲಿ ಗಾರ್ಲಿಕ್ ಮಸ್ಟರ್ಡ್ ಅನ್ನುವ ಹೊರಗಿನ ಕಳೆ ತುಂಬಿಕೊಳ್ಳುತ್ತದೆ. ಒಂದೇ ಎಕರೆ ತೆರೆದು, ಅದನ್ನು ಕೊನೆವರೆಗೂ ನೋಡಿಕೊಳ್ಳುವುದು ಮೇಲು ಅಂತ ನನ್ನ ಅನಿಸಿಕೆ.

ಅಕ್ಕಪಕ್ಕದ ಮನೆಯವರು ಬೇಡ ಅಂದರೆ?

ಅವರ ಮಾತು ಕೇಳಿ. ಇದನ್ನು ಹಗುರವಾಗಿ ತೆಗೆದುಕೊಂಡರೆ ಏನಾಗುತ್ತದೆ ಅಂತ ಷಿಕಾಗೋ ಸುತ್ತಲಿನವರಿಗೆ ಗೊತ್ತಿದೆ. 1996ರಲ್ಲಿ ಅಲ್ಲಿ ಮರ ಕಡಿಯುವುದು, ಬೆಂಕಿ, ಕಳೆನಾಶಕ ಎಲ್ಲದರ ಬಗ್ಗೆ ನಿವಾಸಿಗಳು ಜೋರಾಗಿ ವಿರೋಧಿಸಿದರು. ಕುಕ್ ಕೌಂಟಿಯ ಆಡಳಿತ ಅರಣ್ಯ ಪುನಶ್ಚೇತನದ ಕೆಲಸವನ್ನೇ ತಡೆಹಿಡಿಯಿತು. ಕೆಲವು ಕಡೆ ಆ ತಡೆ ವರ್ಷಗಟ್ಟಲೆ ಉಳಿಯಿತು.

ಅವರ ಕಡೆಯಿಂದಲೂ ಯೋಚಿಸಿ. ಇಪ್ಪತ್ತು ವರ್ಷದಿಂದ ಕಿಟಕಿಯಾಚೆ ಹಸಿರು ಗೋಡೆ ಇತ್ತು. ಅದು ಹೆದ್ದಾರಿಯನ್ನು ಮರೆಮಾಡಿತ್ತು. ಒಂದು ಭಾನುವಾರ ಎದ್ದು ನೋಡಿದರೆ ಅದು ಇಲ್ಲ. ಯಾರಿಗೆ ಆಗಲಿ ಸಂಕಟ ಆಗುತ್ತದೆ. ಕಡಿಯುವ ಮೊದಲೇ ಮನೆಮನೆಗೆ ಹೋಗಿ ಹೇಳಬೇಕು. ಮನೆಗಳ ಹತ್ತಿರದ ಒಂದು ಪಟ್ಟಿಯನ್ನು ಕೊನೆಗೆ ಉಳಿಸಿಕೊಂಡು, ಅಲ್ಲಿ ಮೊದಲು ಸ್ಥಳೀಯ ಪೊದೆ ನೆಟ್ಟು, ಅದು ಎದ್ದ ಮೇಲೆ ಬಕ್‌ಥಾರ್ನ್ ತೆಗೆಯಬಹುದು. ನಮ್ಮ ಗುಂಪಿಗೆ ಈಗ ಬರುವವರಲ್ಲಿ ಮೂವರು ಮೊದಲು ಜಗಳಕ್ಕೆ ಬಂದವರು.

ಇದು ಯಾವಾಗಿನಿಂದ ನಡೆಯುತ್ತಿದೆ?

ಸ್ವಯಂಸೇವಕರು ಪೊದೆ ಕಡಿಯುವುದು ಹೊಸದಲ್ಲ. ಇಂಗ್ಲೆಂಡಿನಲ್ಲಿ 1959ರಲ್ಲಿ ಸರ‍್ರೆಯ ಬಾಕ್ಸ್ ಹಿಲ್ ಗುಡ್ಡದ ಮೇಲೆ ಇಂಥ ಗುಂಪೊಂದು ಡಾಗ್‌ವುಡ್ ಪೊದೆಗಳನ್ನು ಕಡಿಯಿತು. ಅಲ್ಲಿಂದ ಬೆಳೆದ ಸಂಸ್ಥೆ ಇವತ್ತಿಗೂ ಇದೆ. ಷಿಕಾಗೋದಲ್ಲಿ 1977ರಲ್ಲಿ ಸ್ಟೀವ್ ಪ್ಯಾಕರ್ಡ್ ಮತ್ತು ಗೆಳೆಯರು ಷಿಕಾಗೋ ನದಿಯ ಉತ್ತರ ಕವಲಿನ ದಡದಲ್ಲಿ ಶುರು ಮಾಡಿದರು. ಓಕ್ ಮರಗಳ ಕೆಳಗೆ ಹಿಂದೆ ಯಾವ ಗಿಡಗಳಿದ್ದವು ಅಂತ ಅವರು ಹುಡುಕುತ್ತಿದ್ದಾಗ 1846ರ ಒಂದು ಪಟ್ಟಿ ನೆರವಿಗೆ ಬಂತು. ಇಲಿನಾಯ್‌ನ ಹಳ್ಳಿ ವೈದ್ಯ ಸ್ಯಾಮ್ಯುಯೆಲ್ ಮೀಡ್ ತಾನು ನೋಡಿದ ಗಿಡಗಳನ್ನೆಲ್ಲ ಬರೆದಿಟ್ಟಿದ್ದರು. ನೂರು ವರ್ಷಕ್ಕೂ ಹಿಂದೆ ಯಾರೋ ಶ್ರದ್ಧೆಯಿಂದ ಬರೆದದ್ದು ಹೀಗೆ ಉಪಯೋಗಕ್ಕೆ ಬಂತಲ್ಲ ಅಂತ ನೆನೆದಾಗಲೆಲ್ಲ ಮನಸ್ಸು ತುಂಬುತ್ತದೆ.

ಕಡಿದ ಮೇಲೆ ಕಾಡು ತಾನಾಗಿಯೇ ಬರುತ್ತದೆಯೇ? ಎಷ್ಟು ವರ್ಷ ಬೇಕು?

ಸ್ವಲ್ಪ ತಾನಾಗಿ ಬರುತ್ತದೆ. ಮಣ್ಣಿನಲ್ಲಿ ಬಕ್‌ಥಾರ್ನ್ ಬೀಜ ಐದಾರು ವರ್ಷ ಬದುಕಿರುತ್ತದೆ, ಅದೂ ಬರುತ್ತದೆ. ಕಡಿದ ಮುಂದಿನ ವರ್ಷ ನೆಲದ ತುಂಬ ಅದರ ಸಸಿಗಳನ್ನು ನೋಡಿ ಅನೇಕರು ಕೈಬಿಡುತ್ತಾರೆ. ಕಡಿಯುವುದು ಈ ಕೆಲಸದ ಸುಲಭದ ಭಾಗ. ಅದೇ ಜಾಗಕ್ಕೆ ವರ್ಷವರ್ಷವೂ ಮರಳಿ ಬರುವುದೇ ಕಷ್ಟ.

ನಾವು ಬೇಸಿಗೆ, ಶರತ್ಕಾಲದಲ್ಲಿ ಸ್ಥಳೀಯ ಹುಲ್ಲು, ಹೂಗಳ ಬೀಜ ಕೂಡಿಡುತ್ತೇವೆ. ತೆರೆದ ಜಾಗದಲ್ಲಿ ಹಿಮದ ಮೇಲೆಯೇ ಚೆಲ್ಲುತ್ತೇವೆ. ಇಲ್ಲಿನ ಅನೇಕ ಬೀಜಗಳಿಗೆ ಚಳಿಯಲ್ಲಿ ನೆನೆಯದೆ ಮೊಳಕೆ ಬರುವುದಿಲ್ಲ. ಬಾಟಲ್‌ಬ್ರಷ್ ಹುಲ್ಲು ಬೇಗ ನೆಲ ಹಿಡಿಯುತ್ತದೆ. ಟ್ರಿಲಿಯಮ್ ಹಾಗಲ್ಲ. ಬೀಜದಿಂದ ಹೂವಿಗೆ ಅದು ಏಳು ವರ್ಷ ಅಥವಾ ಇನ್ನೂ ಜಾಸ್ತಿ ತೆಗೆದುಕೊಳ್ಳುತ್ತದೆ. ಅದರ ಬೀಜವನ್ನು ಸಾಗಿಸುವುದು ಇರುವೆಗಳು, ಅದೂ ಕೆಲವೇ ಮಾರು ದೂರ. ನಾನು ಮೊದಲ ಚಳಿಗಾಲದಲ್ಲಿ ತೆರೆದ ಜಾಗದಲ್ಲಿ ಮೂರನೆಯ ವಸಂತಕ್ಕೆ ಬ್ಲಡ್‌ರೂಟ್ ಹೂ ಬಿಟ್ಟಿತು. ಅದನ್ನು ಯಾರೂ ಬಿತ್ತಿರಲಿಲ್ಲ. ಬೆಳಕು ಬರಲಿ ಅಂತ ಅಲ್ಲೇ ಕಾದಿತ್ತು. ಹೋದ ವರ್ಷ ಅದೇ ಜಾಗದಲ್ಲಿ ಮೊಣಕಾಲೆತ್ತರದ ಎರಡು ಓಕ್ ಸಸಿಗಳನ್ನು ಎಣಿಸಿದೆ.

ಮಕ್ಕಳನ್ನು ಕರೆತರಬಹುದೇ?

ಬಹುದು. ಗರಗಸ ಬೇಡ. ಕೊಂಬೆ ಎಳೆಯುವುದು, ಬೀಜ ಚೆಲ್ಲುವುದು ಅವರಿಗೆ ತುಂಬಾ ಇಷ್ಟ. ಮರ ಬೀಳಿಸುವ ಜಾಗದಿಂದ, ಬೆಂಕಿಯಿಂದ ದೂರ ಇರಲಿ.

ಮೊದಲ ದಿನ ಏನು ಹಾಕಿಕೊಳ್ಳಬೇಕು, ಏನು ತರಬೇಕು?

ಹತ್ತಿ ಬಟ್ಟೆ ಮೈಗೆ ತಾಗುವಂತೆ ಬೇಡ. ಕೆಲಸ ಮಾಡಿದಾಗ ಬೆವರುತ್ತೀರಿ, ಹತ್ತಿ ಒದ್ದೆಯಾಗಿ ನಿಂತ ಕೂಡಲೇ ನಡುಕ ಬರುತ್ತದೆ. ಉಣ್ಣೆಯದ್ದು ಒಳ್ಳೆಯದು. ಒಂದೇ ದಪ್ಪ ಕೋಟಿಗಿಂತ ಮೂರು ತೆಳು ಪದರ ಇರಲಿ, ಬಿಸಿಯಾದಂತೆ ಒಂದೊಂದೇ ತೆಗೆಯಬಹುದು. ನೈಲಾನ್ ಜಾಕೆಟ್ಟಿಗೆ ಬೆಂಕಿಯ ಕಿಡಿ ಹಾರಿದರೆ ತೂತು ಬೀಳುತ್ತದೆ, ಹಳೆಯದನ್ನೇ ಹಾಕಿಕೊಳ್ಳಿ. ಚರ್ಮದ ಕೈಗವಸು, ಗಟ್ಟಿ ಬೂಟು ಬೇಕು. ಕಣ್ಣಿಗೆ ಕನ್ನಡಕ ಕಡ್ಡಾಯ. ಬಕ್‌ಥಾರ್ನ್ ಮುಳ್ಳು ಮುಖದ ಎತ್ತರದಲ್ಲೇ ಇರುತ್ತದೆ. ಕುಡಿಯಲು ನೀರು ತನ್ನಿ, ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ.

ಗರಗಸ, ಲಾಪರ್ ಅನ್ನುವ ಉದ್ದ ಹಿಡಿಯ ಕತ್ತರಿ ಗುಂಪಿನವರೇ ಕೊಡುತ್ತಾರೆ. ಪಕ್ಕದವರಿಂದ ದೂರ ನಿಂತು ಕೊಯ್ಯಿರಿ. ಗಿಡ ಬೀಳುವ ಮೊದಲು ಜೋರಾಗಿ ಕೂಗಿ. ಎಳೆಯುವಾಗ ಕಡಿದ ತುದಿ ಮುಂದಿರಲಿ, ಆಗ ಕೊಂಬೆಗಳು ಸಿಕ್ಕಿಕೊಳ್ಳುವುದಿಲ್ಲ. ಸುಸ್ತಾದರೆ ಹೇಳಿ ಕೂತುಕೊಳ್ಳಿ. ಪೆಟ್ಟಾಗುವುದು ಹೆಚ್ಚಾಗಿ ಕೊನೆಯ ಅರ್ಧ ಗಂಟೆಯಲ್ಲೇ.

ಹೊರಡುವಾಗ ಬೂಟಿನ ಅಡಿಯ ಮಣ್ಣನ್ನು ಬ್ರಷ್‌ನಿಂದ ಚೆನ್ನಾಗಿ ಉಜ್ಜಿ ಅಲ್ಲೇ ಬಿಟ್ಟು ಬನ್ನಿ. ಆ ಮಣ್ಣಿನಲ್ಲಿ ಬೀಜ ಇರುತ್ತದೆ. ಮುಂದಿನ ವಾರ ನೀವು ಬೇರೆ ಕಾಡಿಗೆ ಹೋಗುತ್ತಿರಬಹುದು.